ಅಂಗಡಿ ಕುಂಕುಮ

ಶ್ರಾವಣದ ಎರಡನೆಯ ಮಂಗಳವಾರ, ಬೆಳಗ್ಗೆ ಏಳು ಗಂಟೆ ಮೂವತ್ತು ನಿಮಿಷ. ಸ್ಥಳ ಕೊಪ್ಪದ ಬಸ್ ನಿಲ್ದಾಣ. ಹಾಜರಿದ್ದವರು: ನಾನು, ನಾನು ಬಾಡಿಗೆಗಿರುವ ಮನೆಯ ಒಡತಿ ಜಲಜಕ್ಕ, ಅವರ ಸೊಸೆ ವೀಣಾ, ವೀಣಾಳ ಐದು ತಿಂಗಳ ಕೂಸು, ಮತ್ತು ನನ್ನ ಎಡಗಾಲಿನ ಕಾಲುಚೀಲದೊಳಗೆ ಒಂದು ಉಂಬಳ.

ನಮ್ಮ ಹುನಗುಂದದ ಕಡೆಯವರಿಗೆ ಉಂಬಳ ಗೊತ್ತಿರುವುದಿಲ್ಲ. ಜಿಗಣೆಯ ಜಾತಿಯದೇ, ಆದರೆ ನೆಲದ ಮೇಲಿನದು. ಕೆರೆಯ ಜಿಗಣೆ ನೀರಿನಲ್ಲಿ ತನ್ನ ಪಾಡಿಗೆ ತಾನಿರುತ್ತದೆ. ಇದು ಹುಲ್ಲಿನ ತುದಿಯಲ್ಲಿ ತಲೆ ಎತ್ತಿ ನಿಂತು ಮನುಷ್ಯರ ದಾರಿ ಕಾಯುತ್ತದೆ. ಹತ್ತಿದ್ದು ತಿಳಿಯುವುದಿಲ್ಲ, ಕಚ್ಚಿದ್ದೂ ತಿಳಿಯುವುದಿಲ್ಲ. ಬಿಳಿಯ ಕಾಲುಚೀಲ ಕೆಂಪಾದಾಗಲೇ ನನಗೆ ಗೊತ್ತಾಗಿದ್ದು. ಚೀಲ ಇಳಿಸಿ ನೋಡಿದರೆ ಕಣಕಾಲಿನ ಮೇಲೆ ದ್ರಾಕ್ಷಿಯಷ್ಟು ಊದಿ ಕೂತಿದೆ. ಈ ಊರಿಗೆ ಬಂದು ಎರಡು ವರ್ಷವಾದರೂ ಆ ನುಣುಪನ್ನು ಮುಟ್ಟಲು ನನಗೆ ಹೇಸಿಗೆ.

ಜಲಜಕ್ಕ ನಾಲ್ಕು ದಿನದಿಂದ ನನ್ನೊಡನೆ ಮಾತು ಬಿಟ್ಟಿದ್ದರು. ಈಗಲೂ ನನ್ನ ಮುಖ ನೋಡಲಿಲ್ಲ. ಎಲೆಯಡಿಕೆಯ ಡಬ್ಬಿ ತೆಗೆದು, ಬೆರಳ ತುದಿಗೆ ಸುಣ್ಣ ತೆಗೆದುಕೊಂಡು, ಬಗ್ಗಿ ಆ ಪ್ರಾಣಿಗೆ ಮುಟ್ಟಿಸಿದರು. ಅದು ಸುರುಟಿಕೊಂಡು ಬಿದ್ದಿತು.

"ಕುಡೀಲಿ ಬಿಡಿ ಅಂತಿದ್ದೆ," ಎಂದರು ಬಸ್ಸು ಬರುವ ದಿಕ್ಕಿಗೆ ನೋಡುತ್ತ, "ಸುಳ್ಳು ಹೇಳೋರ ರಕ್ತ ಅದಕ್ಕೂ ಆಗದು ಅಂತ ಕಾಣ್ತದೆ."

ನಾಲ್ಕು ದಿನಗಳ ನಂತರದ ಮೊದಲ ಮಾತು ಅದು. ಅವರು ಹೇಳಿದ್ದು ನ್ಯಾಯವಾಗಿಯೇ ಇತ್ತು. ಆ ಸುಳ್ಳು ಯಾವುದು, ನಾವು ನಾಲ್ವರು ಆ ಬೆಳಗ್ಗೆ ಶೃಂಗೇರಿಗೆ ಹೊರಟದ್ದು ಯಾಕೆ ಎನ್ನುವುದನ್ನು ಹುನಗುಂದದವರಿಗೆ ಬರೆದು ತಿಳಿಸಬೇಕೆಂದು ಕೂತಿದ್ದೇನೆ.

ಹುನಗುಂದದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಾನು ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವಳು. ಐದಕ್ಕೆ ಗಂಟೆ, ಐದೂವರೆಗೆ ಸಾಲು, ಆರಕ್ಕೆ ಪ್ರಾರ್ಥನೆ. ನಿವೃತ್ತಿಯಾದ ಮೇಲೆ, ತಾಯಿಯಿಲ್ಲದೆ ನನ್ನ ಕೈಯಲ್ಲೇ ಬೆಳೆದ ತಂಗಿಯ ಮಗಳು ಸವಿತಾ, ಕೊಪ್ಪದಲ್ಲಿ ದನದ ಡಾಕ್ಟರು, "ದೊಡ್ಡವ್ವ, ಒಬ್ಬಾಕಿ ಅಲ್ಲೇನ್ ಮಾಡ್ತಿ, ಬಾ," ಎಂದು ಕರೆದಳು. ಎರಡು ಟ್ರಂಕು, ಒಂದು ರೊಟ್ಟಿಯ ಹಂಚು, ಒಂದು ಕೈಗಡಿಯಾರದೊಂದಿಗೆ ಬಂದೆ. ಜಲಜಕ್ಕನ ಮನೆಯ ಮಾಳಿಗೆಯಲ್ಲಿ ಎರಡು ಕೋಣೆ ನಮ್ಮವು. ಜಲಜಕ್ಕ ಎಸ್ಟೇಟಿನಲ್ಲಿ ಕೂಲಿ ಮಾಡಿ ಮನೆ ಕಟ್ಟಿಸಿದವರು. ಮಗ ಸುಧೀರ ಅದೇ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾನೆ.

ಮೊದಲ ಮಳೆಗಾಲದಲ್ಲೇ ಟ್ರಂಕು ತೆರೆದರೆ ನನ್ನ ಇಳಕಲ್ ಸೀರೆಗಳ ಮೇಲೆ ಬೂದಿ ಬಣ್ಣದ ತುಪ್ಪಳ ಬೆಳೆದಿತ್ತು. ಬೂಸಲು. ಅಲ್ಲಿ ಬಟ್ಟೆ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಇಲ್ಲಿ ಬಟ್ಟೆಗೆ ಜೀವ ಬರುತ್ತದೆ. ಚಪ್ಪಲಿಗೆ, ಬೆಲ್ಲದ ಡಬ್ಬಿಗೆ, ಗಡಿಯಾರದ ಚರ್ಮದ ಪಟ್ಟಿಗೆ, ಎಲ್ಲಕ್ಕೂ. ದಿನಾ ವಿನಿಗರ್ ಹಾಕಿ ಒರೆಸುತ್ತಿದ್ದೆ. ಜೋಳದ ಹಿಟ್ಟು ಕೇಳಿದರೆ ಅಂಗಡಿಯವರು ಓಟ್ಸಿನ ಪಕ್ಕದಿಂದ ಸಣ್ಣ ಪೊಟ್ಟಣ ತೆಗೆದು, "ಶುಗರ್ ಎಷ್ಟಿದೆ ಅಮ್ಮ?" ಎಂದು ಕನಿಕರದಿಂದ ಕೇಳಿದರು. ನಮ್ಮ ಅನ್ನ ಇಲ್ಲಿ ರೋಗಿಯ ಪಥ್ಯ.

ಮಾತು ಅದಕ್ಕಿಂತ ಕಷ್ಟವಾಯಿತು. ನಮ್ಮಲ್ಲಿ ಆಗುವುದಿಲ್ಲ ಎಂದರೆ "ಆಗೂದಿಲ್ಲ, ನಡಿ" ಎನ್ನುತ್ತಾರೆ; ಓಣಿಯ ತುದಿಗೆ ಕೇಳಿಸುತ್ತದೆ, ಮುಗಿಯಿತು. ಇಲ್ಲಿ "ನೋಡುವ" ಎನ್ನುತ್ತಾರೆ. ಪ್ಲಂಬರು ನೋಡುವ ಎಂದ, ಗ್ಯಾಸಿನವನು ನೋಡುವ ಎಂದ. ನಾನು ಗಡಿಯಾರ ನೋಡುತ್ತ ಕೂತೆ. ಇಲ್ಲಿನ "ನೋಡುವ" ಅಂದರೆ ಇಲ್ಲ ಎಂದೇ ಅರ್ಥ, ಮರ್ಯಾದೆಯ ಇಲ್ಲ, ಎಂದು ತಿಳಿಯಲು ನನಗೆ ಆರು ತಿಂಗಳು ಹಿಡಿಯಿತು. ಜಲಜಕ್ಕನಿಗೆ ನಾನು ಟೀಚರಮ್ಮ. "ಟೀಚರ್ ಅಲ್ಲ್ರೀ, ವಾರ್ಡನ್," ಎಂದು ಎಷ್ಟು ಸಲ ಹೇಳಿದೆನೋ. "ಮಕ್ಳಿಗೆ ಬೈಯ್ಯೋ ಕೆಲ್ಸ ಅಲ್ದಾ ಮಾರಾಯ್ರೆ? ಎರಡೂ ಒಂದೇ," ಎಂದರು.

ಮೊದಲ ಸಲ ಅದು ಬಂದದ್ದು ಶೃಂಗೇರಿಯ ದೇವಸ್ಥಾನದ ಸಾಲಿನಲ್ಲಿ. ಹೋದ ವರ್ಷದ ಬೇಸಿಗೆ ರಜೆ, ಸವಿತಾಳೊಡನೆ ಹೋಗಿದ್ದೆ. ಸಾಲಿಗೆ ಎರಡೂ ಬದಿ ಸ್ಟೀಲಿನ ಕಂಬಿ. ಮುಂದೆ ಅಕ್ಷರಾಭ್ಯಾಸಕ್ಕೆ ಬಂದ ಮಕ್ಕಳು, ಹಿಂದೆ ಯಾರದೋ ಬೆವರಿದ ತೋಳು ನನ್ನ ಬೆನ್ನಿಗೆ. ಮಲ್ಲಿಗೆ, ಎಣ್ಣೆ, ಮಗುವೊಂದರ ವಾಂತಿಯ ವಾಸನೆ. ಎದೆ ಒಮ್ಮೆಲೇ ಡೋಲು ಬಡಿದಂತೆ ಬಡಿಯಿತು. ಬಾಯಿ ಒಣಗಿತು, ಕೈಬೆರಳು ಜುಮ್ಮೆಂದವು, ಇನ್ನೊಂದು ನಿಮಿಷ ಇಲ್ಲಿದ್ದರೆ ಸಾಯುತ್ತೇನೆ ಎನ್ನುವುದು ರೈಲಿನ ವೇಳಾಪಟ್ಟಿಯಷ್ಟು ಸ್ಪಷ್ಟವಾಗಿ ತಿಳಿಯಿತು. ಜನರನ್ನು ತಳ್ಳಿ, ಅರವತ್ಮೂರು ವರ್ಷದ ನಾನು ಕಂಬಿಯ ಕೆಳಗೆ ತೂರಿ ಆಚೆ ಬಂದೆ. ತೂರುವಾಗ ಕಾಲ ಕೆಳಗೆ ಏನೋ ಚಟ್ ಎಂದಿತು. ಒಂದು ಹುಡುಗಿಯ ಪಾಟಿ, ಇಲ್ಲಿಯವರು ಸ್ಲೇಟು ಎನ್ನುವುದು. ಇನ್ನೂ ಒಂದಕ್ಷರ ಬರೆಯದ್ದು. ಆ ಹುಡುಗಿ ಅಳಲೂ ಇಲ್ಲ, ಬಾಯಿ ತೆರೆದು ನನ್ನನ್ನೇ ನೋಡಿದಳು. ನಾನು ನದಿಯ ಮೆಟ್ಟಿಲವರೆಗೆ ಓಡಿ ಅಲ್ಲಿ ಕಾರಿಕೊಂಡೆ.

ಮೂವತ್ತೊಂದು ವರ್ಷ ಬೇರೆಯವರನ್ನು ಸಾಲಿನಲ್ಲಿ ನಿಲ್ಲಿಸಿದವಳು ನಾನು. ಎದೆ ಬಡಿಯುತ್ತದೆ ಎಂದ ಹುಡುಗಿಯರಿಗೆ, "ನೀರು ಕುಡಿ, ಸಾಲಿಗೆ ನಿಲ್ಲು, ನಾಟಕ ಮಾಡಬ್ಯಾಡ," ಎಂದವಳು. ಆ ದಿನ ಬಸ್ಸಿನಲ್ಲಿ ಬರುವಾಗ ನನ್ನ ಸೀರೆಯ ಬೆವರು ನನಗೇ ನಾರಿತು.

ಆಮೇಲೆ ಅದಕ್ಕೆ ರುಚಿ ಹತ್ತಿತು. ಬ್ಯಾಂಕಿನಲ್ಲಿ ಬಂತು, ತರಕಾರಿಯ ಅಂಗಡಿಯಲ್ಲಿ ಬಂತು, ಬಾಗಿಲು ಹಾಕಿದ ಬಚ್ಚಲಿನಲ್ಲಿ ಬಂತು. ನಾನು ಹೊರಗೆ ಹೋಗುವುದನ್ನು ಬಿಟ್ಟೆ. ಗ್ಯಾಸ್ ಒಲೆ ಆರಿದೆಯೋ ಎಂದು ಅದರ ತಿರುಪನ್ನು ದಿನಕ್ಕೆ ಹತ್ತು ಸಲ ತಿರುವಿ ನೋಡತೊಡಗಿದೆ.

ಡಾಕ್ಟರರನ್ನು ಹುಡುಕಿದ ಕಥೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕೊಪ್ಪದಲ್ಲಿ ಒಬ್ಬರು ಎದೆಗೆ ತಂತಿ ಹಚ್ಚಿ ಹಾಳೆ ತೆಗೆದು, "ಹಾರ್ಟ್ ಹದಿನೆಂಟರ ಹುಡುಗೀದು. ಗ್ಯಾಸು," ಎಂದು ಗುಲಾಬಿ ಬಣ್ಣದ ಔಷಧ ಕೊಟ್ಟರು. ಎರಡು ತಿಂಗಳು ಕುಡಿದೆ. ಸವಿತಾ ಫೋನಿನಲ್ಲಿ ಬೆಂಗಳೂರಿನ ಒಬ್ಬ ಆಪ್ತಸಲಹೆಯ ಹುಡುಗಿಯನ್ನು ಹಿಡಿದಳು. ಆಕೆ ಒಳ್ಳೆಯವಳೇ, ಆದರೆ ನೆಟ್‌ವರ್ಕ್ ನಮ್ಮ ತಾರಸಿಯ ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. "ಆಂಟಿ, ಜೋರಾಗಿ ಹೇಳಿ, ಯಾವಾಗಿಂದ ಭಯ?" ಎಂದು ಆಕೆ ಕೇಳಿದಾಗ ಎದುರು ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದು ನಿಂತಿತು. ನಾನು ಫೋನು ಇಟ್ಟೆ.

ಮೂರನೆಯವನು ನರಸಿಂಹರಾಜಪುರದಲ್ಲಿ, ಮನಸ್ಸಿನ ನೆಮ್ಮದಿ ಎಂದೇನೋ ಬೋರ್ಡು ಹಾಕಿಕೊಂಡವನು. ಗೋಡೆಯ ತುಂಬ ಪ್ರಮಾಣಪತ್ರಗಳು, ಕುರ್ಚಿಯ ಹಿಂಬದಿಗೆ ನೂರು ತಲೆಗಳ ಎಣ್ಣೆಯ ಕಲೆ, ಮೇಜಿನ ಮೇಲೆ ಹಳೆಯ ಚಹಾದ ಲೋಟ, ಅದರೊಳಗೆ ಇರುವೆ. ನನ್ನ ನಕ್ಷತ್ರ ಕೇಳಿದ. ಮದುವೆ ಕೇಳಿದ. ಆಗಿಲ್ಲ ಎಂದೆ. "ಅದೇ ಮೂಲ," ಎಂದು ಚಿಟಿಕೆ ಹೊಡೆದು, ತನ್ನ ಮದುವೆಯ ಕಥೆಯನ್ನು ನಲವತ್ತು ನಿಮಿಷ ಹೇಳಿದ, ನಡುನಡುವೆ ಚಕ್ಕುಲಿ ತಿನ್ನುತ್ತ. ಅವನ ಬಾಯಿಂದ ಹಾರಿದ ಒಂದು ಚೂರು ನನ್ನ ಮುಂಗೈ ಮೇಲೆ ಬಿತ್ತು. ಹಾಸ್ಟೆಲಿನಲ್ಲಿ ಯಾವ ಹುಡುಗಿಯ ಕೋಣೆ ಹಾಗಿದ್ದಿದ್ದರೂ ಅವಳಿಗೆ ಅಂದು ಊಟವಿರುತ್ತಿರಲಿಲ್ಲ. ಎದ್ದು ಬಂದೆ. ಬಸ್‌ಸ್ಟ್ಯಾಂಡಿನ ನಲ್ಲಿಯಲ್ಲಿ ಮೂರು ಸಲ ಕೈ ತೊಳೆದೆ.

ಶೃಂಗೇರಿಯ ಸಂಗತಿ ಹೇಳಿದವಳು ಸವಿತಾ. ಅಲ್ಲಿ ಔಷಧದಂಗಡಿಯೊಂದರ ಹಿಂದಿನ ಕೋಣೆಗೆ ಪ್ರತಿ ಮಂಗಳವಾರ ಶಿವಮೊಗ್ಗದಿಂದ ಮನೋವೈದ್ಯೆ ಬರುತ್ತಾರೆ. ಅವರೊಂದಿಗೆ ಮಾತಿನ ಚಿಕಿತ್ಸೆ ಮಾಡುವ ಆಪ್ತಸಲಹೆಗಾರ್ತಿ ನಸೀಮಾ ಇರುತ್ತಾಳೆ. ನಸೀಮಾ ಕೊಪ್ಪದವಳೇ, ಬಟ್ಟೆಯಂಗಡಿಯವರ ಮಗಳು.

ಮೊದಲ ಮಂಗಳವಾರ ಆ ಕೋಣೆಯ ಬಾಗಿಲು ತೆರೆದು ನಾನು ನಿಂತಲ್ಲೇ ನಿಂತೆ. ಬೆಂಚಿನ ಮೇಲೆ ಎಂಟು ಜನ. ಎಂಟೂ ಜನರ ಹಣೆಯಲ್ಲಿ ಹೊಸ ಕುಂಕುಮ, ಮಡಿಲಲ್ಲಿ ಪ್ರಸಾದದ ಪೊಟ್ಟಣ. ಯಾರೂ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಎದುರಿನ ಗೋಡೆಯ ಕ್ಯಾಲೆಂಡರನ್ನು ಎಲ್ಲರೂ ಒಟ್ಟಿಗೆ ಓದುತ್ತಿದ್ದರು.

"ಗಾಬರಿ ಆಗ್ಬೇಡಿ ಅಮ್ಮ," ಎಂದು ನಸೀಮಾ ಒಳಗೆ ಕರೆದು ನಕ್ಕಳು. "ಮಂಗಳವಾರ ಇಷ್ಟು ಭಕ್ತರು ನಮ್ಮ ಕ್ಲಿನಿಕ್ಕಿಗೇ. ಕೊಪ್ಪದವ್ರು, ನರಸಿಂಹರಾಜಪುರದವ್ರು ಎಲ್ಲ ಇಲ್ಲಿಗೆ ಬರ್ತಾರೆ. ಈ ಊರಿನವ್ರು ಕೊಪ್ಪಕ್ಕೆ ಹೋಗ್ತಾರೆ. ಅವ್ರಿಗೆ ಪಾಪ ದೇವಸ್ಥಾನದ ನೆಪ ಇಲ್ಲ, ಸಂತೆ ಅನ್ಬೇಕು."

ಇದು ಇಲ್ಲಿನ ರೀತಿ. ಯಾರನ್ನಾದರೂ ಎಲ್ಲಿಗೆ ಎಂದು ಕೇಳಿ, ಶೃಂಗೇರಿಗೆ ಎಂದರೆ ಮುಂದಿನ ಪ್ರಶ್ನೆಯಿಲ್ಲ. ಮರಳಿ ಬಂದಾಗ ಪ್ರಸಾದ ಕೊಟ್ಟರೆ ಲೆಕ್ಕ ಚುಕ್ತಾ. ನನಗೆ ಅಸಹ್ಯವಾಯಿತು. ಜ್ವರ ಬಂದರೆ ಊರೆಲ್ಲ ಹೇಳಿಕೊಂಡು ತಿರುಗುವ ಜನ, ಇದಕ್ಕೆ ದೇವರ ಸೆರಗಿನ ಹಿಂದೆ ಅಡಗುತ್ತಾರಲ್ಲ ಎಂದು. ಅದೇ ದಿನ ಸಂಜೆ ಜಲಜಕ್ಕ ಕೆಳಗಿನ ಜಗಲಿಯಿಂದ, "ಟೀಚರಮ್ಮ, ಎಲ್ಲಿಗೆ ಹೋಗಿದ್ರಿ?" ಎಂದರು. ನನ್ನ ಬಾಯಿ ಯಾವ ತಡೆಯೂ ಇಲ್ಲದೆ, "ಗುಡಿಗೆ," ಎಂದಿತು.

"ಪ್ರಸಾದ ಎಂತ ತಂದ್ರಿ?"

"ಮುಂದಿನ ವಾರ ತರ್ತೀನ್ರಿ."

ಸಾಲಿಗೆ ಹೋಗಲು ನನ್ನಿಂದ ಸಾಧ್ಯವಿರಲಿಲ್ಲ. ಆ ಕಂಬಿಗಳನ್ನು ದೂರದಿಂದ ಕಂಡರೇ ಬೇರೆ ಬೀದಿ ಹಿಡಿಯುತ್ತಿದ್ದೆ. ಮುಂದಿನ ಮಂಗಳವಾರ ಮರಳುವ ಬಸ್ಸಿಗೆ ಮುಂಚೆ ಪೇಟೆಯ ಅಂಗಡಿಯೊಂದರಲ್ಲಿ ಕುಂಕುಮದ ಪೊಟ್ಟಣ ಕೊಂಡು, ಸ್ಟೀಲಿನ ಡಬ್ಬಿಗೆ ಸುರಿದು, ಪೊಟ್ಟಣವನ್ನು ಕಸದ ಬುಟ್ಟಿಗೆ ಹಾಕಿದೆ. ಜಲಜಕ್ಕ ಎರಡು ಕೈ ಒಡ್ಡಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆ ಕ್ಷಣ ನನಗೆ ನನ್ನ ಮೇಲೆ ಆದ ಹೇಸಿಗೆ ಉಂಬಳದ ಮೇಲೂ ಆಗಿರಲಿಲ್ಲ. ಆದರೂ ನಾಲ್ಕು ತಿಂಗಳು, ಪ್ರತಿ ಮಂಗಳವಾರ, ತಪ್ಪದೆ ಅದನ್ನೇ ಮಾಡಿದೆ. ಶಿಸ್ತಿನವಳಲ್ಲವೆ.

ಚಿಕಿತ್ಸೆ ಹಿಡಿಯಿತು. ವೈದ್ಯೆ ಒಂದು ಸಣ್ಣ ಗುಳಿಗೆ ಬರೆದು, ಗುಣ ತಿಳಿಯಲು ಮೂರ್ನಾಲ್ಕು ವಾರ ಬೇಕು ಎಂದರು, ಹಾಗೆಯೇ ಆಯಿತು. ನಸೀಮಾ ನನಗೆ ಒಂದು ನೋಟ್‌ಬುಕ್ಕು ಇಡಲು ಹೇಳಿದಳು. ಸಮಯ, ಸ್ಥಳ, ಮೈಗೆ ಏನಾಯಿತು, ಮನಸ್ಸಿಗೆ ಏನು ಬಂತು, ನಾಲ್ಕು ಅಂಕಣ. ಅಂಕಣ ಎಳೆಯುವುದು ನನಗೆ ಗೊತ್ತಿರುವ ಕೆಲಸ. ಸ್ಕೇಲು ಇಟ್ಟು ಎಳೆದೆ. ಜೊತೆಗೆ ಒಂದು ಏಣಿ: ಮೊದಲ ಮೆಟ್ಟಿಲು ರೇಷನ್ ಅಂಗಡಿಯ ಸಾಲಿನಲ್ಲಿ ಐದು ನಿಮಿಷ. ಆಮೇಲೆ ಬ್ಯಾಂಕು. ಆಮೇಲೆ ತುಂಬಿದ ಬಸ್ಸು. ಎದೆ ಬಡಿದರೂ ಓಡಬಾರದು. ಅದು ಏರುತ್ತದೆ, ನಿಲ್ಲುತ್ತದೆ, ತಾನಾಗಿ ಇಳಿಯುತ್ತದೆ, ಇಳಿಯುವವರೆಗೆ ಅಲ್ಲೇ ಇದ್ದು ನೋಡಬೇಕು. ರೇಷನ್ ಅಂಗಡಿಯಲ್ಲಿ ಮೊದಲ ಸಲ ಹನ್ನೆರಡು ನಿಮಿಷ ನಿಂತು, ಸಕ್ಕರೆ ಮುಗಿದಿತ್ತೆಂದು ಖಾಲಿ ಚೀಲ ಹಿಡಿದು ಮನೆಗೆ ಬಂದೆ. ಸವಿತಾ ಅಂದು ಪಾಯಸ ಮಾಡಿದಳು. ಏಣಿಯ ತುದಿಯಲ್ಲಿ ದೇವಸ್ಥಾನದ ಸಾಲು ಇತ್ತು.

"ಅಮ್ಮ, ಈ ವಾರ ಅದನ್ನೊಂದು ನೋಡ್ತೀರಾ?" ಎಂದು ನಸೀಮಾ ಕೇಳಿದಾಗಲೆಲ್ಲ ನಾನು, "ನೋಡುವ," ಎಂದೆ.

"ನಮ್ಮೂರ ಭಾಷೆ ಚೆನ್ನಾಗೇ ಕಲ್ತಿದೀರಿ ಮಾರಾಯ್ರೆ."

ಒಂದು ದಿನ ಅವಳು ನೋಟ್‌ಬುಕ್ಕಿನ ಹಾಳೆಗಳನ್ನು ಹಿಂದಕ್ಕೂ ಮುಂದಕ್ಕೂ ತಿರುವಿ, "ನಾಲ್ಕನೇ ಅಂಕಣ ನೋಡಿ. ಬ್ಯಾಂಕು, ಹೇಸಿಗೆ. ಬಸ್ಸು, ಹೇಸಿಗೆ. ಬಚ್ಚಲು, ಹೇಸಿಗೆ. ಭಯ ಅಂತ ಒಂದು ಕಡೆನೂ ಇಲ್ಲ. ನಿಮ್ಗೆ ಭಯ ಆಗೋದೇ ಇಲ್ವಾ?" ಎಂದಳು.

"ಆಗೂದಿಲ್ಲ," ಎಂದೆ.

ಅವಳು ನೋಟ್‌ಬುಕ್ಕು ಮುಚ್ಚಿ ಕೊಟ್ಟಳು.

ಇನ್ನು ವೀಣಾ. ಮೇಗುಂದದ ಕಡೆಯ ಹುಡುಗಿ, ಇಪ್ಪತ್ನಾಲ್ಕು ವರ್ಷ, ಚೊಚ್ಚಲ ಬಾಣಂತನ. ನಾನು ಮಾಳಿಗೆಯಿಂದ ಇಳಿಯುವಾಗ ಹತ್ತುವಾಗ ಕಾಣುತ್ತಿದ್ದಳು. ಕಿಟಕಿಯ ಸರಳು ಹಿಡಿದು ನಿಂತಿರುವಳು. ಮಲಗಿದ ಕೂಸಿನ ಮೂಗಿಗೆ ಬೆರಳು ಹಿಡಿದು ಉಸಿರು ನೋಡುವಳು, ಎರಡು ಹೆಜ್ಜೆ ಹೋಗಿ ಮತ್ತೆ ಬಂದು ನೋಡುವಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುವಳು. ಏನಾಯಿತವ್ವ ಎಂದರೆ, "ಎಂತ ಇಲ್ಲ," ಎನ್ನುವಳು. ಇಲ್ಲಿ ಎಂತ ಎಂದರೆ ಏನು. ಅವಳ ಕೆದರಿದ ಕೂದಲು, ರವಿಕೆಯ ಹುಳಿಹಾಲಿನ ವಾಸನೆ ನನಗೆ ಸಹಿಸಲಾಗಲಿಲ್ಲ. "ತಲಿ ಬಾಚ್ಕೋ, ಚೊಕ್ಕ ಇರು, ಎಲ್ಲಾ ಸರಿ ಹೋಗ್ತದ," ಎಂದು ಒಮ್ಮೆ ಹೇಳಿಯೂ ಹೇಳಿದೆ. ನನ್ನದೇ ನೋಟ್‌ಬುಕ್ಕು ಕೈಚೀಲದಲ್ಲಿತ್ತು.

ಆ ಮಂಗಳವಾರದ ಹಿಂದಿನ ಗುರುವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ. ಜಲಜಕ್ಕ ಮೆಟ್ಟಿಲು ಹತ್ತಿ ಬಂದು ಹೊಸ್ತಿಲಲ್ಲೇ ನಿಂತರು. ದನಿ ತಗ್ಗಿಸಿ, "ಟೀಚರಮ್ಮ, ಬರೋ ಮಂಗಳವಾರ ಸ್ವಲ್ಪ ಜಾಸ್ತಿ ತನ್ನಿ ಆಯ್ತಾ? ಡಬ್ಬಿ ಖಾಲಿ ಆಯ್ತು," ಎಂದರು.

"ಅಷ್ಟೂ ಖಾಲಿ ಆತೇನ್ರೀ?"

"ವೀಣಂಗೆ ದಿನಾ ಬೆಳಿಗ್ಗೆ ಒಂದು ಚಿಟಿಕೆ ನೀರಲ್ಲಿ ಕಲಸಿ ಕುಡಿಸ್ತಿದೀನಲ್ಲ. ಎಂತದೋ ತಾಗಿದೆ ಅದಕ್ಕೆ. ಅಮ್ಮನೋರ ಪ್ರಸಾದ, ಹೊಟ್ಟೆಗೆ ಹೋದ್ರೆ ಹೋಗ್ತದೆ. ಮೊನ್ನೆಯಿಂದ ಕೂಸಿನ ನಾಲಿಗೆಗೂ ಒಂಚೂರು ಹಚ್ತಿದೀನಿ."

ನನ್ನ ಕೈಯಲ್ಲಿದ್ದ ಲೋಟವನ್ನು ಮೇಜಿನ ಮೇಲಿಟ್ಟದ್ದು ನೆನಪಿದೆ. ಆ ಪೊಟ್ಟಣದ ಹಿಂಬದಿಯಲ್ಲಿ ಬಾಯಿಗೆ ಹಾಕಬಾರದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿದ್ದುದೂ ನೆನಪಿಗೆ ಬಂತು. ಅದನ್ನು ಓದಿಯೇ ನಾನು ಬುಟ್ಟಿಗೆ ಹಾಕುತ್ತಿದ್ದೆ. ಹಾಲೂಡುವ ತಾಯಿಗೆ ನಾಲ್ಕು ತಿಂಗಳಿಂದ ಯಾವುದೋ ಕಾರ್ಖಾನೆಯ ಬಣ್ಣ ಕುಡಿಸಿದ್ದು ನಾನು.

"ಜಲಜಕ್ಕ, ಅದನ್ನ ಕುಡಿಸಬ್ಯಾಡ್ರಿ. ಅದು ಗುಡೀದಲ್ಲ. ಅಂಗಡೀದು."

ಅವರಿಗೆ ತಿಳಿಯಲಿಲ್ಲ. ನಾನು ಮೊದಲಿಂದ ಹೇಳಿದೆ. ಸಾಲು, ಪಾಟಿ, ಕ್ಲಿನಿಕ್ಕು, ಗುಳಿಗೆ. ಬೆಳ್ಳಗಿನ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟೆ. ವೀಣಾಳಿಗೆ ತಾಗಿದ್ದು ನನಗೆ ತಾಗಿದ್ದರ ಅಕ್ಕನೋ ತಂಗಿಯೋ ಇರಬೇಕು, ಅದಕ್ಕೆ ಡಾಕ್ಟರಿದ್ದಾರೆ, ಕರೆದುಕೊಂಡು ಹೋಗೋಣ ಎಂದೆ. ಎಲ್ಲ ಹೇಳಲು ಏಳು ನಿಮಿಷ ಬೇಕಾಯಿತು.

ಜಲಜಕ್ಕ ಗುಳಿಗೆಯ ಕಡೆ ನೋಡಲೇ ಇಲ್ಲ.

"ತಲೆ ಸರಿ ಇಲ್ದೆ ಡಾಕ್ಟ್ರ ಹತ್ರ ಹೋದ್ರೆ ನಂಗೆಂತ ಮಾರಾಯ್ರೆ? ನನ್ನ ಅಣ್ಣನೂ ಹೋಗ್ತಿದ್ದ. ಅಂಗಡಿ ಕುಂಕುಮನ ದೇವರ ತಟ್ಟೇಲಿ ಇಡಿಸಿದ್ರಲ್ಲ ನೀವು? ನಾನು ಕಣ್ಣಿಗೊತ್ಕೊಂಡೆ. ಅದ್ಕೆ ದೀಪ ಹಚ್ಚಿದೆ. ಕೂಸಿನ ಬಾಯಿಗೆ ಹಾಕಿದೆ." ಹೊಸ್ತಿಲು ಬಿಟ್ಟು ಮೆಟ್ಟಿಲಿಗೆ ತಿರುಗಿದರು. "ಓದಿದೋರು ನೀವು."

ಇಳಿದು ಹೋದರು. ಅಂದು ಸಂಜೆಯೇ ಸವಿತಾ ಕೂಸಿನ ಡಾಕ್ಟರಿಗೆ ಫೋನು ಮಾಡಿ, ಮರುದಿನ ತಾಯಿಗೂ ಕೂಸಿಗೂ ರಕ್ತಪರೀಕ್ಷೆ ಮಾಡಿಸಿದಳು. ಫಲಿತಾಂಶ ಸೋಮವಾರ ಬಂತು. ಕೆಟ್ಟದ್ದೇನೂ ಸಿಗಲಿಲ್ಲ. ಆ ನಾಲ್ಕು ದಿನ ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ. ಕೆಳಗಿನಿಂದ ವೀಣಾಳ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಅವಳು ಡಾಕ್ಟರ ಬಳಿಗೆ ಹೋಗುತ್ತಾಳೋ ಇಲ್ಲವೋ ಎನ್ನುವುದು ನನ್ನ ಒಂದು ಸುಳ್ಳಿಗೆ ಗಂಟು ಬಿದ್ದಿತ್ತು.

ಸೋಮವಾರ ಸಂಜೆ ಜಲಜಕ್ಕ ಸವಿತಾಳನ್ನು ಕರೆದು ಸಂದೇಶ ಕಳಿಸಿದರು. ಸವಿತಾ ಅದನ್ನು ಅವರದೇ ದನಿಯಲ್ಲಿ ಒಪ್ಪಿಸಿದಳು: "ನಾಳೆ ಏಳೂ ನಲವತ್ತರ ಬಸ್ಸಿಗೆ ನಾವೂ ಬತ್ತೆವು. ಮೊದ್ಲು ಅಮ್ಮನೋರ ದರ್ಶನ, ಆಮೇಲೆ ಡಾಕ್ಟ್ರು. ಸಾಲಲ್ಲಿ ನಾನು ನಿಲ್ಲೋದಿಲ್ಲ. ಸುಳ್ಳು ಪ್ರಸಾದ ತಂದೋರೇ ನಿಂತು ನಿಜ್ವಾದ ಪ್ರಸಾದ ತರ್ಬೇಕು. ಇಲ್ದಿದ್ರೆ ವೀಣನ್ನ ಕಳ್ಸೋದಿಲ್ಲ."

ನಸೀಮಾ ನಾಲ್ಕು ತಿಂಗಳು ಕೇಳಿದ್ದನ್ನೇ ಇವರೂ ಕೇಳಿದ್ದರು. ಇವರಿಗೆ ನೋಡುವ ಎನ್ನುವಂತಿರಲಿಲ್ಲ.

ಹೀಗೆ ಆ ಮಂಗಳವಾರ ನಾವು ಶೃಂಗೇರಿಯಲ್ಲಿಳಿದಾಗ ಎಂಟು ಗಂಟೆ ಐವತ್ತು ನಿಮಿಷ. ಜಲಜಕ್ಕ ಕೂಸನ್ನು ತಾವು ತೆಗೆದುಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತರು. "ನೀನೂ ಹೋಗು," ಎಂದು ವೀಣಾಳನ್ನು ನನ್ನ ಹಿಂದೆ ಕಳಿಸಿದರು, ನಾನು ಮತ್ತೆ ಅಂಗಡಿಗೆ ಹೋಗದಂತೆ ಕಾವಲಿಗೆ ಇರಬೇಕು. ಶ್ರಾವಣದ ಮಂಗಳವಾರ, ಸಾಲು ಎರಡು ಸುತ್ತು ತಿರುಗಿತ್ತು. ಅದೇ ಕಂಬಿ. ಅದೇ ಒದ್ದೆ ಬಟ್ಟೆಗಳ ಹಬೆ. ಮುಂದಿನ ಗಂಡಸಿನ ಕತ್ತಿನ ಮಡಿಕೆಯಲ್ಲಿ ಬೆವರು ಇಳಿಯುತ್ತಿತ್ತು, ನೋಡಬಾರದೆಂದರೂ ನೋಡಿದೆ. ಮೊದಲ ತಿರುವಿನಲ್ಲಿ ಎದೆ ಶುರುವಾಯಿತು. ಹಿಂದೆ ಜನ ತುಂಬಿಕೊಂಡಿದ್ದರು. ನಾನು ಕಂಬಿಯ ಕೆಳಗಿನ ಸಂದಿಯನ್ನು ಅಳೆದೆ. ಹೋದ ಸಲ ತೂರಿದ್ದು ಅದರಲ್ಲೇ.

ಆಗ ನನ್ನ ಮೊಣಕೈಯನ್ನು ಯಾರೋ ಹಿಡಿದರು. ವೀಣಾ. ಅವಳ ಮುಖ ಬಿಳಚಿತ್ತು, ಮೇಲ್ತುಟಿಯ ಮೇಲೆ ಬೆವರಿತ್ತು. 

"ಟೀಚರಮ್ಮ, ಕೂಸು ಉಸಿರಾಡ್ತಿದ್ಯೋ ಇಲ್ವೋ... ನಾನು ಹೊರಗೆ ಹೋಗ್ತೆ."

"ಎದಿ ಬಡೀತದ?"

"ಹೂಂ."

"ಬೆರಳು ಜುಮ್ಮ ಅಂತಾವು? ಈಗ ಸತ್ತೇ ಹೋಗ್ತೀನಿ ಅನಸ್ತದ?"

ಅವಳು ನನ್ನನ್ನು ನೋಡಿದಳು. "ನಿಮ್ಗೂ ಹಿಂಗೇ ಆಗ್ತದಾ?"

"ಈಗ ಆಗಾಕ ಹತ್ತೈತಿ. ಭಯ ಆಗೈತಿ ನನಗ."

"ನಂಗೊಬ್ಳಿಗೇ ಅಂದ್ಕೊಂಡಿದ್ದೆ," ಎಂದಳು. ತನ್ನ ಬಗ್ಗೆ ಅವಳು ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಎಷ್ಟೊತ್ತು ಇರ್ತದೆ ಇದು?"

"ಏರತದ, ನಿಲ್ಲತದ, ಇಳೀತದ. ಹತ್ತು ಹದಿನೈದು ನಿಮಿಷ. ಓಡಿದ್ರ ಮತ್ತ ಬರ್ತದ. ಪಾಟಿ ಎಣಿಸು."

"ಎಂತ ಪಾಟಿ?"

"ಸ್ಲೇಟು, ಸ್ಲೇಟು. ಮುಂದ ಎಷ್ಟು ಹುಡುಗರ ಕೈಯಾಗ ಅದಾವ ನೋಡು."

ಏಳು ಎಂದಳು. ನಾನು ಎಂಟು ಎಂದೆ. ಒಬ್ಬ ಹುಡುಗ ತನ್ನದನ್ನು ತಲೆಯ ಮೇಲೆ ಇಟ್ಟುಕೊಂಡಿದ್ದ, ಅವಳು ಅದನ್ನು ಬಿಟ್ಟಿದ್ದಳು. ಮತ್ತೆ ಎಣಿಸಿದೆವು. ನನ್ನ ಎದೆ ಇಳಿಯಲು ಹದಿನೇಳು ನಿಮಿಷ ಹಿಡಿಯಿತು, ಗಡಿಯಾರ ನೋಡಿದ್ದೇನೆ. ಅವಳದು ಪೂರ್ತಿ ಇಳಿಯಲಿಲ್ಲ, ಆದರೆ ಓಡಲಿಲ್ಲ. ಒಂಬತ್ತೂ ಐವತ್ತಕ್ಕೆ ಅಮ್ಮನವರ ಮುಂದೆ ನಿಂತಾಗ ನಾನು ಏನೂ ಬೇಡಲಿಲ್ಲ. ಕೈ ಒಡ್ಡಿ ಕುಂಕುಮ ತೆಗೆದುಕೊಂಡೆ. ಅಂಗಡಿಯದಕ್ಕಿಂತ ಬಣ್ಣ ಮಾಸಲಾಗಿತ್ತು.

ಜಲಜಕ್ಕ ಅದನ್ನು ಮೂಸಿ ನೋಡಿದರು, ಬೆರಳಲ್ಲಿ ಉಜ್ಜಿ ನೋಡಿದರು, ಆಮೇಲೆ ಕಣ್ಣಿಗೊತ್ತಿಕೊಂಡರು. "ಈಗ ನಡೀರಿ."

ಕ್ಲಿನಿಕ್ಕಿನ ಬೆಂಚಿನಲ್ಲಿ ಎಂದಿನಂತೆ ಕ್ಯಾಲೆಂಡರು ಓದುವವರು. ಅವರಲ್ಲಿ ಕೊಪ್ಪದ ನಮ್ಮ ಬೀದಿಯ ಹೂವಿನವಳೂ ಇದ್ದಳು. ಜಲಜಕ್ಕನನ್ನು ಕಂಡು ಅವಳು ಗಡಬಡಿಸಿ ಎದ್ದು, "ನಾನು ದೇವಸ್ಥಾನಕ್ಕೆ ಬಂದಿದ್ದೆ ಜಲಜಕ್ಕ, ಹಿಂಗೇ ಮಳೆ ಅಂತ ಒಳಗೆ..." ಎಂದಳು. ಹೊರಗೆ ಬಿಸಿಲಿತ್ತು.

"ನಾವು ಡಾಕ್ಟ್ರ ಹತ್ರ ಬಂದಿದ್ದು," ಎಂದರು ಜಲಜಕ್ಕ, ಇಡೀ ಕೋಣೆಗೆ ಕೇಳುವಂತೆ. "ಸೊಸೆಗೆ. ಕೂತ್ಕೊಳೇ ಮಾರಾಯ್ತಿ, ನಿನ್ನ ನಂಬರ್ ತಪ್ಪಿ ಹೋದೀತು."

ಹೂವಿನವಳು ಕೂತಳು. ಬೆಂಚಿನ ತುದಿಯಲ್ಲಿದ್ದ ಒಬ್ಬ ಗಂಡಸು ಕ್ಯಾಲೆಂಡರಿನಿಂದ ಕಣ್ಣು ತೆಗೆದು, ನಕ್ಕದ್ದನ್ನು ಕೆಮ್ಮಿನಲ್ಲಿ ಮುಚ್ಚಿದ.

ವೀಣಾ ಒಳಗೆ ನಲವತ್ತೈದು ನಿಮಿಷ ಇದ್ದಳು. ಆಮೇಲೆ ವೈದ್ಯೆ ಜಲಜಕ್ಕನನ್ನೂ ಕರೆದು, ಹೆರಿಗೆಯ ನಂತರ ಹೀಗಾಗುವುದು ಇವಳೊಬ್ಬಳಿಗಲ್ಲ, ಹಾಲೂಡುವವರಿಗೆ ಆಗುವ ಗುಳಿಗೆ ಇದೆ, ವಾರವಾರ ಬರಬೇಕು ಎಂದು ಹೇಳಿದರಂತೆ. ಹೊರಗೆ ಬಂದು ಜಲಜಕ್ಕ ನನಗೆ ವರದಿ ಒಪ್ಪಿಸಿದರು: "ಯಾವ ಕುಂಕುಮನೂ ಕುಡಿಸ್ಬೇಡಿ ಅಂದ್ರು. ಅಂಗಡಿದೂ ಬೇಡ, ದೇವಸ್ಥಾನದ್ದೂ ಬೇಡ ಅಂತೆ. ಹಣೆಗೆ ಅಡ್ಡಿಲ್ವಂತೆ." ಸೆರಗು ಹೊದ್ದುಕೊಳ್ಳುತ್ತ, "ನಾನೂ ತಪ್ಪು ಮಾಡಿದೆ ಅಂತ ಆಯ್ತು," ಎಂದರು.

ವೀಣಾಳ ಮುಖ ಒಳಗೆ ಹೋದಾಗ ಹೇಗಿತ್ತೋ ಹಾಗೇ ಇತ್ತು. "ಹಸಿವಾಗ್ತಿದೆ," ಎಂದಳು ಮಾತ್ರ. ದೇವಸ್ಥಾನದ ಊಟದ ಸಾಲಿನಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡಳು. ಮರಳುವ ಬಸ್ಸಿನಲ್ಲಿ ಬಾಯಿ ತೆರೆದು ನನ್ನ ಭುಜದ ಮೇಲೆ ನಿದ್ದೆ ಹೋದಳು. ಜೊಲ್ಲು ಸುರಿದು ನನ್ನ ಸೆರಗು ಒದ್ದೆಯಾಯಿತು. ಹಸಿ ಹಾಲಿನ ವಾಸನೆ ಬರುತ್ತಿತ್ತು. ಅಸಹ್ಯವಾಯಿತು, ಅದು ಹೋಗಲಿಕ್ಕಿಲ್ಲ. ಆದರೆ ಭುಜ ಸರಿಸಲಿಲ್ಲ.

ಹುನಗುಂದದ ನನ್ನ ತಮ್ಮನಿಗೆ ಈ ಸಂಗತಿಯನ್ನು ಫೋನಿನಲ್ಲಿ ಹೇಳಿದರೆ, "ಅಲ್ಲಿ ಮಳಿಗೆ ಹಂಗ ಆಗಿರಬೇಕು ಅಕ್ಕ, ವಾಪಸ್ ಬಂದ್ಬಿಡು," ಎಂದ. ಮಳೆಯಿಂದಲ್ಲ. ಅದು ಅಲ್ಲಿಯೂ ಇತ್ತು. ಹಾಸ್ಟೆಲಿನ ಬೀಗಗಳನ್ನು ನಾನು ಎಷ್ಟು ಸಲ ಎಳೆದು ನೋಡುತ್ತಿದ್ದೆ ಎಂದು ಅಲ್ಲಿದ್ದ ಹುಡುಗಿಯರಿಗೆ ಗೊತ್ತು. ಅಲ್ಲಿ ಅದನ್ನು ಶಿಸ್ತು ಎನ್ನುತ್ತಿದ್ದೆವು. ಇದನ್ನು ಓದುವವರಲ್ಲಿ ಅವರೂ ಕೆಲವರು ಇರಬಹುದು. ಎದೆ ಬಡಿಯುತ್ತದೆ ಎಂದು ನನ್ನ ಕೋಣೆಯ ಬಾಗಿಲಿಗೆ ಬಂದು, ಬೈಸಿಕೊಂಡು ಹೋಗಿ ಸಾಲಿಗೆ ನಿಂತವರು. ನೀವು ನಾಟಕ ಮಾಡುತ್ತಿರಲಿಲ್ಲ. ಅದನ್ನು ನಿಮ್ಮೆದುರೇ ಹೇಳಲು ನಾನು ಅಲ್ಲಿಗೇ ಬರಬೇಕಿತ್ತು. ಹೋದ ದೀಪಾವಳಿಗೆ ಅಲ್ಲಿಗೆ ಬಂದಾಗ ಬಾಯಿ ತಪ್ಪಿ "ಎಂತ" ಎಂದದ್ದಕ್ಕೆ ಮನೆಯವರೆಲ್ಲ ನಕ್ಕರು. ಇಲ್ಲಿ ಹಾಲಿನವನಿಗೆ ನಾನು ಇವತ್ತಿಗೂ ಬಯಲುಸೀಮೆಯಮ್ಮ. ಜೋಳದ ರೊಟ್ಟಿ ಬಡಿಯುವಾಗ ಕೈ ಹುನಗುಂದದ್ದು. ಎದೆ ಬಡಿದರೆ ಹೋಗಬೇಕಾದ ಊರು ಮಾತ್ರ ಶೃಂಗೇರಿ. ಎರಡನ್ನೂ ಒಂದೇ ಟ್ರಂಕಿನಲ್ಲಿ ಮಡಚಿಡಲು ಬರುವುದಿಲ್ಲ.

ನಾವು ಮನೆ ಸೇರಿದಾಗ ಸಂಜೆ ನಾಲ್ಕು ಗಂಟೆ ಐದು ನಿಮಿಷ. ಹೋದವರು ನಾಲ್ವರು, ಬಂದವರು ನಾಲ್ವರು. ಕಾಲು ತೊಳೆದು, ಉಂಬಳ ಕಚ್ಚಿದ ಜಾಗಕ್ಕೆ ಮುಲಾಮು ಹಚ್ಚಿ, ರಕ್ತದ ಕಾಲುಚೀಲವನ್ನು ತಣ್ಣೀರಿನಲ್ಲಿ ನೆನೆಹಾಕಿದೆ. ನೋಟ್‌ಬುಕ್ಕು ತೆಗೆದು ಸಮಯ, ಸ್ಥಳ, ಎದೆ, ಬೆರಳು ಎಂದು ಬರೆದು, ನಾಲ್ಕನೆಯ ಅಂಕಣದಲ್ಲಿ ರೂಢಿಯಂತೆ ಹೇಸಿಗೆಯ ಮೊದಲಕ್ಷರ ಹಾಕಿಯೂ ಹಾಕಿದ್ದೆ. ಅದನ್ನು ಹೊಡೆದು ಭಯ ಎಂದು ಬರೆದೆ. ಐದು ಗಂಟೆಗೆ ಜಲಜಕ್ಕ ಕೆಳಗಿನಿಂದ, "ವಾರ್ಡನಮ್ಮ, ನಿಮ್ಮ ಡಬ್ಬಿ ತಗೊಂಡು ಹೋಗಿ," ಎಂದು ಕರೆದರು. ಎರಡು ವರ್ಷದಲ್ಲಿ ಮೊದಲ ಸಲ ಹಾಗೆ ಕರೆದದ್ದು. ಮಾತು ಸರಿಯಾಗಿತ್ತು, ಸಲಿಗೆ ಕಡಿಮೆಯಾಗಿತ್ತು. ಡಬ್ಬಿಯ ತಳದಲ್ಲಿ ಅಂಗಡಿ ಕುಂಕುಮ ತೇವಕ್ಕೆ ಕರಣೆಗಟ್ಟಿ ಕೂತಿತ್ತು. ಚಮಚದ ಹಿಡಿಯಿಂದ ಕೆರೆದು, ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿದೆ. ಬಚ್ಚಲಿನ ನೀರು ಬಹಳ ಹೊತ್ತು ಕೆಂಪಗೆ ಹರಿದು ತಿಳಿಯಾಯಿತು. ಡಬ್ಬಿಯನ್ನು ಒರೆಸಿ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದೆ.